ರ‍್ಯಾಪ್ ಹಾಡಿನೊಳಗಿರುವುದು ತತ್ತ್ವಶಾಸ್ತ್ರವೋ, ತತ್ತ್ವಜ್ಞಾನಿಗಳ ಹೆಸರುಗಳೋ?

ಪ್ರಶ್ನೆ: ಇರುಳೋದು

ಎಲ್ಲರಿಗೂ ನಮಸ್ಕಾರ. ನಾನು ತತ್ತ್ವಶಾಸ್ತ್ರದ ಎಂ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದು, ಅಮೆರಿಕದ ರ‍್ಯಾಪ್ ಸಂಗೀತಕ್ಕೂ ತತ್ತ್ವಶಾಸ್ತ್ರಕ್ಕೂ ಇರುವ ನಂಟನ್ನು ಕಿರುಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೇನೆ. ವಿಭಾಗದಲ್ಲಿ ಒಪ್ಪಿಗೆಯೇನೋ ಸಿಕ್ಕಿತು. ಆದರೆ ವಿಷಯ ಮಂಡಿಸಿದ ದಿನ ಹಿರಿಯರೊಬ್ಬರು ಕೇಳಿದ ಮಾತು ಎರಡು ತಿಂಗಳಿನಿಂದ ನನ್ನ ಬೆನ್ನು ಬಿಟ್ಟಿಲ್ಲ. “ಹಾಡಿನಲ್ಲಿ ಒಬ್ಬ ತತ್ತ್ವಜ್ಞಾನಿಯ ಹೆಸರು ಬಂದ ಮಾತ್ರಕ್ಕೆ ಅದು ತತ್ತ್ವಶಾಸ್ತ್ರವಾಗುವುದಾದರೆ, ಮುಂದಿನ ಸಾಲಿನಲ್ಲೇ ಬೈಗುಳ ಬಂದಾಗ ಅದನ್ನು ಏನೆಂದು ಕರೆಯುತ್ತೀರಿ?” ಎಂದು ಅವರು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಉತ್ತರ ನನ್ನಲ್ಲಿರಲಿಲ್ಲ.

ಹೆಸರಿನ ನಂಟು ಕಣ್ಣಿಗೆ ಬೇಗ ಬೀಳುತ್ತದೆ. ಟೂಪಾಕ್ ಶಕೂರ್ 1995ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆರೆಮನೆಯಲ್ಲಿದ್ದಾಗ ಇಟಲಿಯ ರಾಜಕೀಯ ಚಿಂತಕ ಮಾಕಿಯಾವೆಲ್ಲಿಯನ್ನು ಓದಿದರು. 1996ರ ಸೆಪ್ಟೆಂಬರಿನಲ್ಲಿ ಅವರು ಗುಂಡೇಟಿಗೆ ಬಲಿಯಾದ ಎರಡು ತಿಂಗಳ ಮೇಲೆ ಹೊರಬಂದ ಆಲ್ಬಂ ‘ಮಕಾವೆಲಿ’ ಎಂಬ ಹೆಸರನ್ನೇ ಹೊತ್ತಿತ್ತು. ಇನ್ನೊಂದು ಬೋಧನೆಯ ನಂಟು. ಕೆಆರ್‌ಎಸ್-ಒನ್ ತಮ್ಮನ್ನು ಮೇಷ್ಟರೆಂದೇ ಕರೆದುಕೊಂಡರು. 1988ರ ಅವರ ಒಂದು ಹಾಡಿನ ಹೆಸರೇ ‘ನನ್ನ ತತ್ತ್ವಜ್ಞಾನ’ ಎಂಬ ಅರ್ಥದ್ದು. ಇವೆರಡರ ಬಗ್ಗೆ ಪುಟಗಟ್ಟಲೆ ಬರೆಯಬಲ್ಲೆ, ಆದರೆ ಬರೆದದ್ದನ್ನು ಓದಿಕೊಂಡಾಗ ಅದು ಪಟ್ಟಿಯಂತೆ ಕಾಣುತ್ತದೆಯೇ ಹೊರತು ಪ್ರಬಂಧದಂತೆ ಕಾಣುವುದಿಲ್ಲ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಹಾಡು. ಕೆಂಡ್ರಿಕ್ ಲಮಾರ್ ಅವರ ‘ಡ್ಯಾಮ್’ ಆಲ್ಬಂ 2017ರ ಏಪ್ರಿಲಿನಲ್ಲಿ ಬಂತು, ಮರುವರ್ಷ ಅದಕ್ಕೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ದೊರೆಯಿತು; ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಹೊರಗಿನ ಕೃತಿಯೊಂದಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಅದರ ಕೊನೆಯ ಹಾಡು ‘ಡಕ್‌ವರ್ತ್’, ಅಂದರೆ ಕೆಂಡ್ರಿಕ್ ಅವರ ಮನೆತನದ ಹೆಸರು. ಕೆಎಫ್‌ಸಿ ಅಂಗಡಿಯೊಂದರ ಕಿಟಕಿಯಲ್ಲಿ ನಿಂತು ಗಿರಾಕಿಗಳಿಗೆ ಊಟ ಕೊಡುವ ಡಕಿ ಎಂಬಾತ ಆ ಹಾಡಿನಲ್ಲಿದ್ದಾನೆ. ಆಂಥೊನಿ ಎಂಬ ಯುವಕ ಆ ಅಂಗಡಿಯನ್ನು ದೋಚುವ ಲೆಕ್ಕಾಚಾರದಲ್ಲಿದ್ದಾನೆ. ಹಿಂದಿನ ವರ್ಷವೇ ಅಲ್ಲಿ ದರೋಡೆ ನಡೆದು ಗಿರಾಕಿಯೊಬ್ಬನಿಗೆ ಗುಂಡು ತಗುಲಿದ್ದು ಡಕಿಗೆ ಗೊತ್ತು. ಆದ್ದರಿಂದ ಆಂಥೊನಿ ಸರದಿಯಲ್ಲಿ ನಿಂತಾಗಲೆಲ್ಲ ಡಕಿ ಅವನಿಗೆ ಕೋಳಿಯನ್ನು ಪುಕ್ಕಟೆ ಕೊಡುತ್ತಾನೆ, ಜೊತೆಗೆ ಎರಡು ಬಿಸ್ಕತ್ತು ಹೆಚ್ಚಿಗೆ ಹಾಕುತ್ತಾನೆ. (ಇವು ನಾವು ಚಹಾದಲ್ಲಿ ಅದ್ದುವ ಬಿಸ್ಕತ್ತುಗಳಲ್ಲ, ಅಲ್ಲಿ ಆ ಹೆಸರಿನಿಂದ ಕರೆಯುವುದು ಮೆತ್ತಗಿನ ಬನ್ನಿನಂಥ ತಿನಿಸನ್ನು.) ಆಂಥೊನಿ ಅವನನ್ನು ಕೊಲ್ಲದೆ ಬಿಡುತ್ತಾನೆ. ಇಪ್ಪತ್ತು ವರ್ಷಗಳ ಮೇಲೆ ಅದೇ ಆಂಥೊನಿ ಧ್ವನಿಮುದ್ರಣ ಸಂಸ್ಥೆಯ ಒಡೆಯನಾಗಿ ಒಬ್ಬ ಹುಡುಗನನ್ನು ಬೆಳೆಸುತ್ತಾನೆ, ಆ ಹುಡುಗ ಡಕಿಯ ಮಗ ಕೆಂಡ್ರಿಕ್. ಅಂದು ಗುಂಡು ಹಾರಿದ್ದರೆ ಒಬ್ಬ ಜೀವಾವಧಿ ಸೆರೆಯಲ್ಲಿರುತ್ತಿದ್ದ, ಇನ್ನೊಬ್ಬ ತಂದೆಯಿಲ್ಲದೆ ಬೆಳೆದು ಬೀದಿಯ ಗುಂಡಿಗೆ ಸಿಕ್ಕಿ ಸಾಯುತ್ತಿದ್ದ ಎನ್ನುವಲ್ಲಿಗೆ ಹಾಡು ನಿಲ್ಲುತ್ತದೆ. ಗುಂಡಿನ ಸದ್ದು ಕೇಳುತ್ತದೆ, ಟೇಪು ಹಿಂದಕ್ಕೆ ಸುತ್ತಿದ ಸದ್ದು ಕೇಳುತ್ತದೆ, ಆಲ್ಬಂ ಮೊದಲಾದ ಮಾತಿಗೇ ನಾವು ಮತ್ತೆ ಬಂದು ನಿಲ್ಲುತ್ತೇವೆ.

ಇಲ್ಲಿ ಯಾವ ತತ್ತ್ವಜ್ಞಾನಿಯ ಹೆಸರೂ ಇಲ್ಲ. ಆದರೂ ಇಡೀ ಸೆಮಿಸ್ಟರಿನಲ್ಲಿ ನಾನು ಓದಿದ್ದಕ್ಕಿಂತ ಹೆಚ್ಚು ತತ್ತ್ವಶಾಸ್ತ್ರ ಇದರಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಅನ್ನಿಸಿಕೆಯನ್ನು ವಾದವಾಗಿ ಕಟ್ಟುವುದು ಹೇಗೆ? ಜೊತೆಗೆ, ಹಾಡಿನಲ್ಲಿ ‘ನಾನು’ ಎನ್ನುವವನು ಹಾಡುವ ವ್ಯಕ್ತಿಯೇ ಆಗಿರಬೇಕೇ ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತಿದೆ. ಬಲ್ಲವರು ದಾರಿ ತೋರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ಮೇಷ್ಟರು

ಇರುಳೋದು ಅವರೆ, ಮೂವತ್ತು ವರ್ಷ ನೀತಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ನೀವು ಹೇಳಿದ ಹಾಡನ್ನು ನಿನ್ನೆ ರಾತ್ರಿ ಮೊಮ್ಮಗಳ ಫೋನಿನಲ್ಲಿ, ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಮೂರು ಸಲ ಕೇಳಿದೆ. ನಿಮ್ಮ ಅನ್ನಿಸಿಕೆ ಸರಿಯಾಗಿದೆ, ಅದನ್ನು ವಾದವಾಗಿ ಕಟ್ಟುವುದಕ್ಕೂ ಸಾಧ್ಯವಿದೆ.

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಒಂದೇ ವಿಚಾರಗೋಷ್ಠಿಯಲ್ಲಿ ‘ನೈತಿಕ ಅದೃಷ್ಟ’ ಎಂಬ ವಿಷಯವನ್ನು ಎತ್ತಿಕೊಂಡರು. ನಮ್ಮ ಕೈಯಲ್ಲಿ ಇಲ್ಲದ ಸಂಗತಿಗಾಗಿ ನಮ್ಮನ್ನು ಹೊಗಳುವುದೂ ತೆಗಳುವುದೂ ನ್ಯಾಯವಲ್ಲ ಎಂಬುದು ನಾವೆಲ್ಲ ಒಪ್ಪುವ ಮಾತು. ಆದರೆ ದಿನನಿತ್ಯ ನಾವು ನಡೆದುಕೊಳ್ಳುವುದು ಇದಕ್ಕೆ ತೀರ ವಿರುದ್ಧವಾಗಿ. ಬ್ರೇಕ್ ಪರೀಕ್ಷಿಸಿಕೊಳ್ಳದೆ ಲಾರಿ ಓಡಿಸುವ ಇಬ್ಬರು ಚಾಲಕರನ್ನು ಊಹಿಸಿಕೊಳ್ಳಿ. ಒಬ್ಬನ ಲಾರಿಗೆ ಮಗುವೊಂದು ಅಡ್ಡ ಬರುತ್ತದೆ, ಇನ್ನೊಬ್ಬನಿಗೆ ರಸ್ತೆ ಖಾಲಿ ಸಿಗುತ್ತದೆ. ಇಬ್ಬರ ಅಲಕ್ಷ್ಯವೂ ಒಂದೇ, ಆದರೆ ಒಬ್ಬನು ಮಾತ್ರ ಜೀವಮಾನವಿಡೀ ಕೊಲೆಯ ಭಾರ ಹೊರುತ್ತಾನೆ. ನೇಗಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸನ್ನಿವೇಶದ ಅದೃಷ್ಟವನ್ನೂ ತೋರಿಸುತ್ತಾರೆ. ನಾಜಿಗಳ ಯಾತನಾ ಶಿಬಿರದ ಅಧಿಕಾರಿಯಾದವನು, ನಾಜಿಗಳು ಅಧಿಕಾರಕ್ಕೆ ಬಾರದೇ ಹೋಗಿದ್ದರೆ, ಯಾರಿಗೂ ಕೇಡು ಮಾಡದೆ ಬದುಕಿ ಸಾಯಬಹುದಿತ್ತು. ವ್ಯಾಪಾರಕ್ಕೆಂದು 1930ರಲ್ಲಿ ಜರ್ಮನಿ ಬಿಟ್ಟು ಅರ್ಜೆಂಟೀನಾದಲ್ಲಿ ನೆಮ್ಮದಿಯಾಗಿ ಬದುಕಿದವನು, ಊರಲ್ಲೇ ಉಳಿದಿದ್ದರೆ, ಅದೇ ಅಧಿಕಾರಿಯಾಗಬಹುದಿತ್ತು. ಹಾಗಾದರೆ ನಾವು ತೂಗುವುದು ಮನುಷ್ಯನನ್ನೋ ಅವನಿಗೆ ಒದಗಿದ ಗಳಿಗೆಯನ್ನೋ?

ಕೆಂಡ್ರಿಕ್ ಅವರ ಹಾಡು ಇದೇ ಪ್ರಶ್ನೆಯನ್ನು ಎತ್ತುತ್ತದೆ, ಎತ್ತುವ ಸ್ಥಳ ಮಾತ್ರ ಬೇರೆ. ನೇಗಲ್ ಅವರ ಚಾಲಕನಿಗೆ ಹೆಸರಿಲ್ಲ, ಹೊಟ್ಟೆಯಿಲ್ಲ, ಅವನ ಮಗ ಮುಂದೆ ಏನಾದ ಎಂಬುದು ನಮಗೆ ಬೇಕಾಗಿಲ್ಲ. ಇಲ್ಲಿಯಾದರೋ ಪ್ರಶ್ನೆಯನ್ನು ಕೇಳುತ್ತಿರುವ ಬಾಯಿಯೇ ಆ ಗಳಿಗೆಯ ಫಲ. ಗುಂಡು ಹಾರಿದ್ದರೆ ಈ ಹಾಡೇ ಇರುತ್ತಿರಲಿಲ್ಲ ಎಂದು ಹಾಡೇ ಹೇಳುತ್ತದೆ, ಹೇಳಿ ತನ್ನನ್ನು ತಾನೇ ಹಿಂದಕ್ಕೆ ಸುತ್ತಿಕೊಂಡು ಅಳಿಸಿಕೊಳ್ಳುತ್ತದೆ. ಉಪನ್ಯಾಸದಲ್ಲಿ ಉದಾಹರಣೆಯನ್ನು ಕೊಡಬಹುದು, ಆದರೆ ಉದಾಹರಣೆಯೇ ಎದ್ದು ನಿಂತು ಮಾತನಾಡುವಂತೆ ಮಾಡುವುದು ಉಪನ್ಯಾಸಕ್ಕೆ ಸುಲಭವಲ್ಲ. ತತ್ತ್ವಶಾಸ್ತ್ರಕ್ಕೆ ಈ ಹಾಡು ಏನನ್ನು ಸೇರಿಸುತ್ತದೆ ಎಂದು ನಿಮ್ಮ ಹಿರಿಯರು ಕೇಳಿದರೆ, ಇದನ್ನೇ ಹೇಳಿ.

ಎರಡು ಬಿಸ್ಕತ್ತಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಡಕಿ ಕೊಟ್ಟದ್ದು ಕರುಣೆಯಿಂದಲೋ ಭಯದಿಂದಲೋ? ನೀವೇ ಬರೆದಂತೆ, ದರೋಡೆಯ ವಿಷಯ ಆತನಿಗೆ ಮೊದಲೇ ಗೊತ್ತಿತ್ತು. ಕಾಂಟ್ ಅವರನ್ನು ಕೇಳಿದರೆ, ಲಾಭದ ಲೆಕ್ಕ ಹಾಕಿ ಮಾಡಿದ ಒಳ್ಳೆಯ ಕೆಲಸಕ್ಕೆ ನೈತಿಕ ಬೆಲೆಯಿಲ್ಲ ಎಂದು ಖಂಡಿತವಾಗಿ ಹೇಳುತ್ತಾರೆ. ಆದರೆ ಕೊಲೆಗಡುಕನಾಗಬಹುದಾದವನ ಮುಖವನ್ನು ನೋಡಿ, ಪೊಲೀಸರನ್ನು ಕರೆಯುವುದರ ಬದಲು, ಕಿಟಕಿಯಾಚೆ ಓಡುವುದರ ಬದಲು, ಅವನ ತಟ್ಟೆಗೆ ಇನ್ನಷ್ಟು ಹಾಕಿದ ಬಡ ನೌಕರನ ನಡೆಯನ್ನು ಬರಿಯ ಲೆಕ್ಕಾಚಾರ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಲ್ಲಿ ನೀವು ‘ಹೆಸರಿನ ನಂಟು’ ಎಂದು ಬದಿಗೆ ಸರಿಸಿದ ಮಾಕಿಯಾವೆಲ್ಲಿ ಮತ್ತೆ ಬಂದು ಕೂರುತ್ತಾನೆ. 1513ರಲ್ಲಿ ಫ್ಲಾರೆನ್ಸಿನಲ್ಲಿ ಸೆರೆಗೆ ಬಿದ್ದು, ಚಿತ್ರಹಿಂಸೆ ಅನುಭವಿಸಿ, ಬಿಡುಗಡೆಯಾದ ಮೇಲೆ ಅವನು ಬರೆದ ಗ್ರಂಥದಲ್ಲಿ ಆಳುವವನು ಪ್ರೀತಿಗೆ ಪಾತ್ರನಾಗುವುದು ಮೇಲೋ, ಭಯ ಹುಟ್ಟಿಸುವುದು ಮೇಲೋ ಎಂಬ ಪ್ರಸಿದ್ಧ ಚರ್ಚೆಯಿದೆ. ಅದು ಸಿಂಹಾಸನದ ಮೇಲಿರುವವನಿಗೆ ಹೇಳಿದ ಮಾತು. ಕೈಯಲ್ಲಿ ಏನೂ ಇಲ್ಲದವನು, ಭಯ ಹುಟ್ಟಿಸುವವನ ಎದುರು ನಿಂತು, ಅವನ ಪ್ರೀತಿಯನ್ನು ಗಳಿಸುವುದು ಹೇಗೆ ಎಂಬುದನ್ನು ಮಾಕಿಯಾವೆಲ್ಲಿ ಚರ್ಚಿಸುವುದಿಲ್ಲ, ಡಕಿ ಅದನ್ನು ಮಾಡಿ ತೋರಿಸುತ್ತಾನೆ. ಟೂಪಾಕ್ ಸೆರೆಮನೆಯಲ್ಲಿ ಕುಳಿತು ಆ ಪುಸ್ತಕವನ್ನೇ ಏಕೆ ಹಿಡಿದರು ಎಂಬುದನ್ನೂ ಈ ದಿಕ್ಕಿನಿಂದ ನೋಡಿದರೆ, ಆ ಹೆಸರು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ಬೈಗುಳದ ಬಗ್ಗೆ ಒಂದು ಮಾತು. ಹಾರ್ವರ್ಡ್‌ನ ತತ್ತ್ವಜ್ಞಾನಿ ಟಾಮಿ ಶೆಲ್ಬಿ ಇದನ್ನು ‘ಮೈಲಿಗೆ ಹತ್ತಿದ ಪ್ರತಿಭಟನೆ’ ಎಂಬ ಅರ್ಥ ಬರುವ ಹೆಸರಿನಿಂದ ಕರೆದು, 2016ರ ತಮ್ಮ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಒರಟು ಮಾತು, ಹಿಂಸೆಯ ಚಿತ್ರ, ಒಪ್ಪಲಾಗದ ಮೌಲ್ಯಗಳು ಕಲಸಿಕೊಂಡಿವೆ ಎಂಬ ಒಂದೇ ಕಾರಣಕ್ಕೆ ಅನ್ಯಾಯದ ವಿರುದ್ಧದ ದನಿಯನ್ನು ಕಿವಿಯಿಂದಾಚೆ ಇಡಲಾಗದು ಎಂಬುದು ಆ ವಾದದ ತಿರುಳು. ಅವರು ಮತ್ತು ಡೆರಿಕ್ ಡಾರ್ಬಿ 2005ರಲ್ಲಿಯೇ ಹಿಪ್‌ಹಾಪ್ ಮತ್ತು ತತ್ತ್ವಶಾಸ್ತ್ರದ ಬಗ್ಗೆ ಪ್ರಬಂಧ ಸಂಕಲನವೊಂದನ್ನು ಸಂಪಾದಿಸಿದ್ದರು, ಕಾರ್ನೆಲ್ ವೆಸ್ಟ್ ಅದಕ್ಕೆ ಮುನ್ನುಡಿ ಬರೆದರು. ಅದನ್ನು ತರಿಸಿ ಓದಿ, ಆದರೆ ಶೆಲ್ಬಿಯವರ ಅಧ್ಯಾಯವನ್ನು ಮೊದಲು ಓದಿ.

ಉತ್ತರ: ಬ್ರೇಕ್‌ಬೀಟ್

ಮೇಷ್ಟರ ಉತ್ತರವನ್ನು ಗೌರವದಿಂದ ಓದಿದೆ. ನನ್ನದು ಒಂದೇ ತಕರಾರು. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವಿದೆ, ಬೀದಿಯಲ್ಲಿ ರ‍್ಯಾಪ್ ಇದೆ, ಇವೆರಡನ್ನು ಯಾರೋ ಪಂಡಿತರು ಬಂದು ಜೋಡಿಸಬೇಕು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದ್ದರೆ ಅದು ಚರಿತ್ರೆಗೆ ಹೊಂದುವುದಿಲ್ಲ. ನಾನು ಹಗಲು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ ರಾತ್ರಿ ಬೀಟ್ ಕಟ್ಟುವವನು, ಹದಿನೈದು ವರ್ಷಗಳಿಂದ ಈ ಸಂಗೀತವನ್ನು ಕೇಳಿದ್ದೇನೆ, ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ವಠಾರದಲ್ಲಿ, ಜಮೈಕಾದಿಂದ ಬಂದು ನೆಲೆಸಿದ್ದ ಕೂಲ್ ಹರ್ಕ್ ತಮ್ಮ ತಂಗಿಯ ಕೂಟಕ್ಕೆ ಹಾಡು ಹಾಕಿದ್ದನ್ನು ಹಿಪ್‌ಹಾಪ್‌ನ ಹುಟ್ಟುಹಬ್ಬವೆಂದು ಎಣಿಸುತ್ತಾರೆ. ಹಾಡಿನ ನಡುವೆ ಗಾಯನ ನಿಂತು ಡ್ರಮ್ ಮಾತ್ರ ಉಳಿಯುವ ಕೆಲವೇ ಸೆಕೆಂಡುಗಳ ತುಣುಕಿಗೆ ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಕಾಯುತ್ತಿದ್ದುದು ಅದಕ್ಕಾಗಿಯೇ ಎಂಬುದನ್ನು ಹರ್ಕ್ ಗಮನಿಸಿದರು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಶುರುಮಾಡಿ, ಮುಗಿಯಬೇಕಾದದ್ದನ್ನು ಮುಗಿಯದಂತೆ ಮಾಡಿದರು. ಕಾಲವನ್ನು ಹಿಡಿದು ನಿಲ್ಲಿಸುವ ಈ ಉಪಾಯವನ್ನು ಕೈಯಿಂದ ಒಮ್ಮೆ ಮಾಡಿ ನೋಡಿದವರಿಗೆ, ಡಕ್‌ವರ್ತ್ ಹಾಡಿನ ಕೊನೆಯಲ್ಲಿ ಟೇಪು ಹಿಂದಕ್ಕೆ ಸುತ್ತುವುದು ಬೇರೆ ರೀತಿಯಲ್ಲಿಯೇ ಕೇಳಿಸುತ್ತದೆ. ಹಿಂದಕ್ಕೆ ಸುತ್ತುವುದು ಈ ಕಲೆ ಕಲಿತ ಮೊದಲ ವಿದ್ಯೆಗಳಲ್ಲಿ ಒಂದು.

ಇನ್ನು ಚಿಂತನೆಯ ವಿಷಯ. ಕ್ಲಾರೆನ್ಸ್ 13ಎಕ್ಸ್ ಎಂಬವರು ನೇಷನ್ ಆಫ್ ಇಸ್ಲಾಂ ಎಂಬ ಅಮೆರಿಕದ ಕರಿಯರ ಧಾರ್ಮಿಕ ಸಂಘಟನೆಯನ್ನು ಬಿಟ್ಟು ಹೊರಬಂದು 1964ರಲ್ಲಿ ಹಾರ್ಲೆಂನಲ್ಲಿ ಕಟ್ಟಿದ ಪಂಥಕ್ಕೆ ‘ಫೈವ್ ಪರ್ಸೆಂಟರ್ಸ್’ ಎಂಬ ಹೆಸರು ಬಂತು. ಸತ್ಯವನ್ನು ತಿಳಿದೂ ಮುಚ್ಚಿಡುವವರು ಶೇ. 10, ಏನೂ ತಿಳಿಯದವರು ಶೇ. 85, ತಿಳಿದು ಕಲಿಸುವವರು ಶೇ. 5 ಎಂಬುದು ಆ ಹೆಸರಿನ ಅರ್ಥ. ಬೀದಿಯ ಹುಡುಗರು ಪ್ರಶ್ನೋತ್ತರ ರೂಪದ ಪಾಠಗಳನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕಿತ್ತು. ಅಂಕಿಗಳಿಗೆ ಅರ್ಥವಿತ್ತು: ಒಂದು ಎಂದರೆ ಜ್ಞಾನ, ಎರಡು ಎಂದರೆ ವಿವೇಕ, ಮೂರು ಎಂದರೆ ತಿಳಿವು, ಸೊನ್ನೆ ಎಂದರೆ ಸೈಫರ್, ಪೂರ್ಣ ವೃತ್ತ. ರ‍್ಯಾಪರ್‌ಗಳು ಇಂದಿಗೂ ಗುಂಡಗೆ ನಿಂತು ಒಬ್ಬರಾದ ಮೇಲೊಬ್ಬರು ಹಾಡುವ ಕೂಟವನ್ನು ಸೈಫರ್ ಎಂದೇ ಕರೆಯುತ್ತಾರೆ. ರಾಕಿಂ, ಬಿಗ್ ಡ್ಯಾಡಿ ಕೇನ್, ಬ್ರ್ಯಾಂಡ್ ನುಬಿಯನ್, ವೂ-ಟ್ಯಾಂಗ್ ಕ್ಲಾನ್ ಮುಂತಾದವರ ಹಾಡುಗಳಲ್ಲಿ ಈ ಪಾಠಗಳ ನುಡಿಗಟ್ಟು ಎಷ್ಟು ದಟ್ಟವಾಗಿದೆ ಎಂದರೆ, ಅದನ್ನು ತಿಳಿಯದೆ ಕೇಳುವವರಿಗೆ ಅರ್ಧ ಸಾಲು ಒಗಟಿನಂತೆ ಕೇಳಿಸುತ್ತದೆ. ನಿನ್ನನ್ನು ನೀನು ತಿಳಿ ಎಂಬ ಮಾತನ್ನು ಅವರು ಗ್ರೀಕರಿಂದ ಎರವಲು ತರಲಿಲ್ಲ. ನೀನು ಯಾರೂ ಅಲ್ಲ ಎಂದು ಇಡೀ ನಗರ ಹೇಳುತ್ತಿದ್ದಾಗ, ನಾನು ಯಾರು ಎಂದು ಕೇಳಿಕೊಳ್ಳುವುದು ಅವರಿಗೆ ಅನ್ನದಷ್ಟೇ ಅಗತ್ಯವಾಗಿತ್ತು.

ಆ ಪಂಥದ ಎಲ್ಲವನ್ನೂ ನಾನು ಒಪ್ಪುತ್ತೇನೆಂದು ತಿಳಿಯಬೇಡಿ. ಅದರಲ್ಲಿ ಗಂಡು ದೇವರು, ಹೆಣ್ಣು ಭೂಮಿ. ಭೂಮಿ ದೇವರ ಸುತ್ತ ಸುತ್ತಬೇಕೆಂಬ ಈ ಜೋಡಣೆಯ ನೆರಳು ಹಾಡುಗಳ ಮೇಲೆಯೂ ಬಿದ್ದಿದೆ. ಪ್ರಬಂಧದಲ್ಲಿ ಇದನ್ನು ಮುಚ್ಚಿಡಬೇಡಿ; ತತ್ತ್ವಶಾಸ್ತ್ರ ಎಂದು ಕರೆದ ಮೇಲೆ ಅದರ ತಪ್ಪುಗಳನ್ನೂ ತತ್ತ್ವಶಾಸ್ತ್ರದ ತಪ್ಪುಗಳಾಗಿಯೇ ಪರಿಶೀಲಿಸಬೇಕು.

ಕೆಆರ್‌ಎಸ್-ಒನ್ ಬಗ್ಗೆ ಒಂದು ಸಂಗತಿ. ಮನೆಯಿಲ್ಲದವರ ಆಶ್ರಯತಾಣವೊಂದರಲ್ಲಿದ್ದಾಗ ಅಲ್ಲಿ ಸಮಾಜ ಕಾರ್ಯಕರ್ತರಾಗಿದ್ದ ಡಿಜೆ ಸ್ಕಾಟ್ ಲಾ ರಾಕ್ ಅವರಿಗೆ ಸಿಕ್ಕಿದರು, ಇಬ್ಬರೂ ಸೇರಿ ತಂಡ ಕಟ್ಟಿದರು. 1987ರ ಆಗಸ್ಟಿನಲ್ಲಿ ಜಗಳವೊಂದನ್ನು ಬಿಡಿಸಲು ಹೋದ ಸ್ಕಾಟ್ ಗುಂಡೇಟಿನಿಂದ ತೀರಿಕೊಂಡರು. ‘ನನ್ನ ತತ್ತ್ವಜ್ಞಾನ’ ಎಂದು ಕೆಆರ್‌ಎಸ್-ಒನ್ ಹಾಡಿದ್ದು ಅದರ ಮರುವರ್ಷ. ಇರುಳೋದು ಅವರೆ, ಈ ಸಾವನ್ನು ಬಿಟ್ಟು ಆ ಹಾಡನ್ನು ಓದಿದ್ದರಿಂದಲೇ ಅದು ನಿಮಗೆ ಪಟ್ಟಿಯ ಒಂದು ಸಾಲಿನಂತೆ ಕಂಡಿರಬೇಕು.

ಉತ್ತರ: ಕಪ್ಪುಕೋಟು

‘ನಾನು’ ಎಂಬ ಪ್ರಶ್ನೆಗೆ ಯಾರೂ ಇನ್ನೂ ಕೈಹಾಕಿಲ್ಲ. ನಾನು ಹುಬ್ಬಳ್ಳಿಯಲ್ಲಿ ವಕೀಲಿ ಮಾಡುತ್ತೇನೆ. ಅಮೆರಿಕದ ನ್ಯಾಯಾಲಯಗಳಲ್ಲಿ ಈ ಪ್ರಶ್ನೆ ಸಾವು ಬದುಕಿನ ಪ್ರಶ್ನೆಯಾಗಿದೆ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯಲ್ಲಿ ಕೊಲೆಯತ್ನದ ಪ್ರಕರಣವೊಂದರಲ್ಲಿ ಆರೋಪಿ ಬರೆದಿಟ್ಟಿದ್ದ ರ‍್ಯಾಪ್ ಸಾಲುಗಳನ್ನು ಪ್ರಾಸಿಕ್ಯೂಷನ್ ಪುಟಗಟ್ಟಲೆ ಜ್ಯೂರಿಯ ಮುಂದೆ ಓದಿಸಿತು. ಅವುಗಳಲ್ಲಿ ಹಲವು ಘಟನೆಗಿಂತ ವರ್ಷಗಳ ಮೊದಲೇ ಬರೆದವು. 2014ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದು ಸಲ್ಲದೆಂದು ಒಮ್ಮತದಿಂದ ತೀರ್ಪು ನೀಡಿತು. ಶೆರೀಫನಿಗೆ ಗುಂಡಿಕ್ಕಿದೆ ಎಂದು ಹಾಡಿದ ಬಾಬ್ ಮಾರ್ಲಿ ನಿಜವಾಗಿ ಗುಂಡಿಕ್ಕಿದರೆಂದು ಯಾರೂ ಭಾವಿಸುವುದಿಲ್ಲ, ನೆಲದ ಹಲಗೆಯಡಿ ಹೆಣ ಹೂತ ಕಥೆ ಬರೆದ ಎಡ್ಗರ್ ಅಲನ್ ಪೋ ನಿಜವಾಗಿ ಹೂತರೆಂದೂ ಭಾವಿಸುವುದಿಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಹಾಡಿನ ನಿರ್ದಿಷ್ಟ ವಿವರಕ್ಕೂ ಅಪರಾಧದ ವಿವರಕ್ಕೂ ಗಟ್ಟಿಯಾದ ಕೊಂಡಿ ಇದ್ದರೆ ಮಾತ್ರ ಅದು ಸಾಕ್ಷ್ಯ. 2022ರಲ್ಲಿ ಕ್ಯಾಲಿಫೋರ್ನಿಯಾ ಇದೇ ದಾರಿಯಲ್ಲಿ ಕಾನೂನನ್ನೇ ತಂದಿತು: ಸೃಜನಶೀಲ ಅಭಿವ್ಯಕ್ತಿಯನ್ನು ಸಾಕ್ಷ್ಯವಾಗಿ ತರುವ ಮೊದಲು ನ್ಯಾಯಾಧೀಶರು ಜ್ಯೂರಿಯ ಗೈರುಹಾಜರಿಯಲ್ಲಿ ಅದನ್ನು ತೂಗಿ ನೋಡಬೇಕು.

ಇದರ ಹಿಂದಿರುವುದು ಶುದ್ಧ ತತ್ತ್ವಶಾಸ್ತ್ರದ ಪ್ರಶ್ನೆ. ಮಾತು ಎಂದರೆ ಕೃತ್ಯವೂ ಹೌದು ಎಂದು ತೋರಿಸಿಕೊಟ್ಟ ಜೆ. ಎಲ್. ಆಸ್ಟಿನ್, ರಂಗದ ಮೇಲೆ ಆಡಿದ ಮಾತನ್ನೂ ಕವಿತೆಯ ಮಾತನ್ನೂ ತಮ್ಮ ವಿಚಾರಣೆಯ ಹೊರಗಿಟ್ಟರು. ರಂಗದ ಮೇಲೆ ಕೊಟ್ಟ ಭಾಷೆ ಭಾಷೆಯಲ್ಲ, ಹಾಕಿದ ಬೆದರಿಕೆ ಬೆದರಿಕೆಯಲ್ಲ. ಅಷ್ಟಕ್ಕೇ ನಿಲ್ಲುವುದಾದರೆ ವಕೀಲರ ಕೆಲಸ ಸುಲಭವಾಗುತ್ತಿತ್ತು. ಆದರೆ ರ‍್ಯಾಪ್ ತನ್ನ ಕೇಳುಗರಿಗೆ ಕೊಟ್ಟಿರುವ ಮಾತೇ ಬೇರೆ. ನಾನು ಬದುಕಿದ್ದನ್ನೇ ಹಾಡುತ್ತೇನೆ, ಬದುಕದಿದ್ದುದನ್ನು ಹಾಡಿದರೆ ನಾನು ಸುಳ್ಳುಗಾರ ಎಂಬ ನಿಷ್ಠೆ ಈ ಕಲೆಯ ಬೆನ್ನೆಲುಬು. ಅದೇ ಹೊತ್ತಿಗೆ ಅತಿಶಯೋಕ್ತಿ, ಜಂಬ, ಎದುರಾಳಿಯ ಹಂಗಿಸುವಿಕೆ ಇವೂ ಅಷ್ಟೇ ಹಳೆಯವು. 1990ರಲ್ಲಿ ಟೂ ಲೈವ್ ಕ್ರ್ಯೂ ತಂಡದ ಮೇಲೆ ಫ್ಲಾರಿಡಾದಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆದಾಗ ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ಸಾಕ್ಷಿಯಾಗಿ ಬಂದು, ಕರಿಯರ ಮೌಖಿಕ ಪರಂಪರೆಯಲ್ಲಿ ಉತ್ಪ್ರೇಕ್ಷೆಗೂ ಅಣಕಕ್ಕೂ ಇರುವ ಸ್ಥಾನವನ್ನು ವಿವರಿಸಿದರು. ಜ್ಯೂರಿ ತಂಡವನ್ನು ನಿರ್ದೋಷಿ ಎಂದಿತು. ಹೀಗಿರುವಾಗ ಒಂದೇ ಪದ್ಯದಲ್ಲಿ ಒಂದು ಸಾಲಿನ ‘ನಾನು’ ಸಾಕ್ಷಿ ನುಡಿಯುತ್ತಾನೆ, ಮುಂದಿನ ಸಾಲಿನ ‘ನಾನು’ ವೇಷ ಕಟ್ಟಿರುತ್ತಾನೆ, ಎಲ್ಲಿ ಬದಲಾದನೆಂದು ಹಾಡು ಹೇಳುವುದಿಲ್ಲ. ಕೇಳುವವರಿಗೆ ಇದು ಸೊಗಸು, ಕಟಕಟೆಯಲ್ಲಿ ನಿಂತವನಿಗೆ ಇದು ಅಪಾಯ.

ನನ್ನ ಅಭಿಪ್ರಾಯ ಕೇಳುವುದಾದರೆ, ಪೋ ಅವರ ‘ನಾನು’ವಿಗೆ ಪುಕ್ಕಟೆ ಸಿಗುವ ರಿಯಾಯಿತಿಗಾಗಿ ಕರಿಯ ಹುಡುಗನ ‘ನಾನು’ ಹೋರಾಡಬೇಕಾಗಿದೆ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಕವಿಯೆಂದು ಮೊದಲೇ ಒಪ್ಪಿಕೊಂಡವನಿಗೆ ಕಲ್ಪನೆಯ ಹಕ್ಕಿದೆ. ಅಪರಾಧಿಯೆಂದು ಮೊದಲೇ ನೋಡುವವನ ಕಲ್ಪನೆಯನ್ನೂ ತಪ್ಪೊಪ್ಪಿಗೆ ಎಂದು ಓದುತ್ತಾರೆ. ಅಮೆರಿಕದ ಕರಿಯ ಚಿಂತಕ ಡು ಬಾಯ್ಸ್ 1903ರಲ್ಲಿ ಬರೆದ ಇಬ್ಬಗೆಯ ಪ್ರಜ್ಞೆ, ಅಂದರೆ ಸದಾ ಇನ್ನೊಬ್ಬರ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳಬೇಕಾದ ಸ್ಥಿತಿ, ಇಲ್ಲಿ ಸಾಕ್ಷ್ಯ ಕಾಯಿದೆಯ ರೂಪದಲ್ಲಿ ಎದುರಾಗುತ್ತದೆ.

ಉತ್ತರ: ತುಂತುಣಿ

ವಕೀಲರ ಮಾತು ಓದಿದ ಮೇಲೆ ಒಂದು ನೆನಪು ಬಂತು. ಇದನ್ನು ರ‍್ಯಾಪ್‌ನ ಮೂಲವೆಂದೋ ನಮ್ಮಲ್ಲಿ ಮೊದಲೇ ಇತ್ತೆಂದೋ ಹೇಳುತ್ತಿಲ್ಲ. ಎರಡಕ್ಕೂ ಚರಿತ್ರೆಯ ಸಂಬಂಧವಿಲ್ಲ.

ನಮ್ಮ ವಿಜಯಪುರ, ಬಾಗಲಕೋಟೆಯ ಕಡೆ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷಗಳಿವೆ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡಬೇಕು. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು ಹಾಡಬೇಕು. ದಪ್ಪು ಬಡಿಯುತ್ತ ಒಬ್ಬರು ಸವಾಲು ಎಸೆಯುತ್ತಾರೆ, ತುಂತುಣಿ ತಾಳ ಹಿಡಿದ ಹಿಮ್ಮೇಳದವರು ಗೀಯ ಗೀಯ ಎಂದು ಎತ್ತಿಕೊಡುತ್ತಾರೆ, ಎದುರು ಮೇಳದವರು ಎದ್ದು ಜವಾಬು ಕಟ್ಟಬೇಕು. ನಮ್ಮ ಅಜ್ಜ ಜೀವಮಾನವೆಲ್ಲ ಹರದೇಶಿ ಹಾಡಿದವರು. ಮನೆಯಲ್ಲಿ ನಾವು ಎಲ್ಲಮ್ಮನ ಒಕ್ಕಲು. ಮಂಗಳವಾರ ಅವಳಿಗೆ ಎಡೆ ಮಾಡದೆ ಅಜ್ಜ ನೀರು ಮುಟ್ಟುತ್ತಿರಲಿಲ್ಲ. ರಾತ್ರಿ ಕಟ್ಟೆಯ ಮೇಲೆ ನಿಂತು ಅದೇ ಬಾಯಿಂದ, ಶಕ್ತಿ ಎಲ್ಲಿಂದ ಬಂದಳು, ಶಿವನಿಲ್ಲದೆ ಅವಳಿಗೆ ನೆಲೆಯೆಲ್ಲಿ ಎಂದು ಬೆಳಗಿನ ಜಾವದವರೆಗೆ ವಾದಿಸುತ್ತಿದ್ದರು. ಅಜ್ಜ ಸುಳ್ಳು ಹೇಳುತ್ತಿದ್ದಾರೆ ಎಂದು ಊರಿನಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಆ ‘ನಾನು’ ಪಕ್ಷದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಇದರಿಂದ ನನಗೆ ಹೊಳೆಯುವುದು ಇಷ್ಟು. ಹಾಡಿನೊಳಗೆ ವಾದ ಇರಬಹುದೇ ಎಂಬುದು ನಮ್ಮಂಥವರಿಗೆ ಪ್ರಶ್ನೆಯೇ ಅಲ್ಲ. ಪ್ರಾಸ ತಪ್ಪಿದರೆ ಸೋಲು, ತರ್ಕ ತಪ್ಪಿದರೂ ಸೋಲು. ವ್ಯತ್ಯಾಸವಿರುವುದು ಕೇಳುವವರಲ್ಲಿ. ನಮ್ಮ ಕಟ್ಟೆಯ ಮುಂದೆ ಕುಳಿತವರಿಗೆ ಆಟದ ನಿಯಮ ಗೊತ್ತಿತ್ತು. ರ‍್ಯಾಪ್ ಬ್ರಾಂಕ್ಸ್‌ನ ವಠಾರವನ್ನು ಬಿಟ್ಟು ಲೋಕಕ್ಕೆಲ್ಲ ಹರಡಿದ ಮೇಲೆ, ನಿಯಮ ಗೊತ್ತಿಲ್ಲದವರ ಕಿವಿಗೂ ಬಿತ್ತು, ಜ್ಯೂರಿಯ ಕಿವಿಗೂ ಬಿತ್ತು.

ಇರುಳೋದು

ಎಲ್ಲರಿಗೂ ಕೈಮುಗಿಯುತ್ತೇನೆ. ಬ್ರೇಕ್‌ಬೀಟ್ ಅವರೆ, ನೀವು ಹೇಳಿದ್ದು ನಿಜ; ಸ್ಕಾಟ್ ಅವರ ಸಾವನ್ನು ನಾನು ಅಡಿಟಿಪ್ಪಣಿಗೆ ತಳ್ಳಿದ್ದೆ, ಈಗ ಆ ಭಾಗವನ್ನು ಮತ್ತೆ ಬರೆಯುತ್ತಿದ್ದೇನೆ. ತುಂತುಣಿ ಅವರೆ, ಅಜ್ಜನ ಹಾಡಿನ ಧ್ವನಿಮುದ್ರಣವೇನಾದರೂ ಉಳಿದಿದ್ದರೆ ಕೇಳುವ ಆಸೆಯಿದ್ದೇ ಇದೆ.

ಮೇಷ್ಟರೆ, ನಿಮಗೊಂದು ಪ್ರಶ್ನೆ ಉಳಿದಿದೆ. ‘ಡ್ಯಾಮ್’ ಆಲ್ಬಮ್ಮಿನ ಹಾಡುಗಳನ್ನು ಕೊನೆಯಿಂದ ಮೊದಲಿಗೆ ಜೋಡಿಸಿದ ಆವೃತ್ತಿಯೊಂದು 2017ರ ಡಿಸೆಂಬರಿನಲ್ಲಿ ಬಂದಿದೆ. ನಿಮ್ಮ ಉತ್ತರ ಓದಿದ ಮೇಲೆ ಅದನ್ನು ಕೇಳಿದೆ. ಮೂಲ ಕ್ರಮದಲ್ಲಿ ಮೊದಲ ಹಾಡಾಗಿದ್ದ ‘ಬ್ಲಡ್’ ಇಲ್ಲಿ ಕೊನೆಗೆ ಬರುತ್ತದೆ. ಅದರಲ್ಲಿ ಕೆಂಡ್ರಿಕ್ ದಾರಿಯಲ್ಲಿ ನಡೆದು ಹೋಗುತ್ತಿರುವಾಗ, ಏನನ್ನೋ ಕಳೆದುಕೊಂಡು ತಡಕಾಡುತ್ತಿರುವ ಕುರುಡಿಯೊಬ್ಬಳಿಗೆ ನೆರವಾಗಲು ಹೋಗುತ್ತಾರೆ. ನೀನೇ ಕಳೆದುಕೊಂಡಿರುವುದು, ನಿನ್ನ ಪ್ರಾಣವನ್ನು ಎಂದು ಹೇಳಿ ಅವಳು ಗುಂಡು ಹಾರಿಸುತ್ತಾಳೆ. ಹಿಮ್ಮುಖ ಕ್ರಮದಲ್ಲಿ, ತಂದೆಯ ಉಪಕಾರದಿಂದ ತಂದೆ ಉಳಿದುಕೊಳ್ಳುತ್ತಾನೆ, ಹಾಗೆ ಉಳಿದದ್ದರಿಂದಲೇ ಬೆಳೆದು ನಿಂತ ಮಗ ಇನ್ನೊಬ್ಬರಿಗೆ ಉಪಕಾರ ಮಾಡಲು ಹೋಗಿ ಸಾಯುತ್ತಾನೆ. ಹಾಗಾದರೆ ಬಿಸ್ಕತ್ತಿನ ಬಗ್ಗೆ ನೀವು ಹೇಳಿದ ಮಾತು ಈ ಕ್ರಮದಲ್ಲೂ ನಿಲ್ಲುತ್ತದೆಯೇ?

ಹಳೆಯ ಮೇಷ್ಟರು

ಈ ಆವೃತ್ತಿ ನನಗೆ ಗೊತ್ತಿರಲಿಲ್ಲ. ಮೊಮ್ಮಗಳಿಗೆ ಹೇಳಿ ಹಾಕಿಸಿಕೊಂಡು ಕೇಳಿದೆ.

ನಿಲ್ಲುತ್ತದೆ, ಮೊದಲಿಗಿಂತ ಬಿಗಿಯಾಗಿ ನಿಲ್ಲುತ್ತದೆ. ಲೆಕ್ಕ ಹಾಕಿ ಮಾಡಿದ ಉಪಕಾರ ಒಂದು ಮನೆತನವನ್ನು ಉಳಿಸಿತು, ಲೆಕ್ಕವಿಲ್ಲದೆ ಮಾಡಿದ ಉಪಕಾರ ಪ್ರಾಣ ತೆಗೆಯಿತು. ಫಲವನ್ನು ನೋಡಿ ಬೆಲೆ ಕಟ್ಟುವವರು ಈಗ ತಂದೆಯ ಭಯವನ್ನು ಮಗನ ಕರುಣೆಗಿಂತ ಮೇಲೆ ಇಡಬೇಕಾಗುತ್ತದೆ, ಹಾಗೆ ಇಡಲು ಅವರ ಕೈ ನಡುಗುತ್ತದೆ. ಇನ್ನೊಂದನ್ನು ಗಮನಿಸಿದಿರಾ? ಇದು ದುಷ್ಟತನವೋ ದೌರ್ಬಲ್ಯವೋ, ನೀವೇ ತೀರ್ಮಾನಿಸಿ ಎಂಬ ಮಾತು ‘ಬ್ಲಡ್’ ಹಾಡಿನ ಆರಂಭದಲ್ಲಿದೆ. ಮೂಲ ಕ್ರಮದಲ್ಲಿ ನಾವಿನ್ನೂ ಏನನ್ನೂ ಕೇಳಿರದಿದ್ದಾಗ ಆ ಪ್ರಶ್ನೆ ಬರುತ್ತದೆ. ಹಿಮ್ಮುಖ ಕ್ರಮದಲ್ಲಿ ಅದು ಬರುವುದು ಎಲ್ಲ ಸಾಕ್ಷಿಗಳ ಹೇಳಿಕೆ ಮುಗಿದ ಮೇಲೆ, ಕಪ್ಪುಕೋಟಿನವರ ಜ್ಯೂರಿಗೆ ಬರುವ ಹಾಗೆ. ಅಧ್ಯಾಯವನ್ನು ಈ ಎರಡು ಕ್ರಮಗಳಿಂದಲೇ ಶುರುಮಾಡಿ. ಕರಡು ಸಿದ್ಧವಾದಾಗ ಇಲ್ಲಿ ಹಾಕಿದರೆ ಓದಿ ಗುರುತು ಹಾಕಿ ಕೊಡುತ್ತೇನೆ.